ಮೊದಲ ಗುಟುಕಿನ ಜೋಡಿ

ಮಿರಜದ ಡಾಕ್ಟರ ಮರಾಠಿಯಾಗ ಹೇಳಿದ:
ಪಹಿಲ್ಯಾ ಘೋಟಾಬರೋಬರ ಘ್ಯಾ.
ಜತ್ತ ಬರೂತನಕ ಬಸ್ಸಿನಾಗ
ಅದನ್ನ ಕನ್ನಡದಾಗ ಬಾಯಿಪಾಠ ಮಾಡಿದೆ.
ಮೊದಲ ಗುಟುಕಿನ ಜೋಡಿ.
ತಾಸು ಮುಂಚಿ ಅಲ್ಲ,
ಹೊಟ್ಟಿ ಗುಡುಗಿದ ಮ್ಯಾಲೂ ಅಲ್ಲ.

ಬೆಳ್ಳಿ ಹಾಳಿಯಾಗ ಹತ್ತು ಗುಳಿಗಿ.
ಒಂದರ ರೊಕ್ಕಕ್ಕ ಅರ್ಧ ಲೀಟರ ಹಾಲು ಬರ್ತದ,
ಲೆಕ್ಕ ಹಾಕಿದಾಂವ ನನ್ನ ಗಂಡ ಸಿದಗೊಂಡ.
ಉಮದಿಯ ಸಂಘದಾಗ ಫ್ಯಾಟ ಅಳಿಯಾಂವ,
ದಿನಾ ಮುಂಜಾನೆ ಅರವತ್ತೆರಡು ಮನಿ ಹಾಲಿಗೆ
ಗಾಜಿನ ಕಡ್ಡಿ ಇಳಿಸಿ ನೀರಿನ ಸುಳ್ಳು ಹಿಡಿಯಾಂವ.

ಅಂಥಾವನ ಹೇಣ್ತಿಗೆ ಹಾಲು ಆಗಂಗಿಲ್ಲ.
ಲಗ್ನಾದ ಮೊದಲ ವಾರ ಬಸುಂದಿ ಉಂಡು
ನಡುರಾತ್ರಿ ಜ್ವಾಳದ ಹೊಲಕ್ಕ ಓಡಿದೆ.
ಹೊಸ ಸೊಸಿಗೆ ಕಣ್ಣ ಬಿದ್ದಾವ ಅಂದ್ರು,
ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಒಗದ್ರು.
ಆಮ್ಯಾಲ ಹನ್ನೊಂದು ವರ್ಷ ನಾ ಹೇಳಿದ ಸುಳ್ಳಿಗೆ
ಆ ಗಾಜಿನ ಕಡ್ಡಿ ಮುಟ್ಟಲೇ ಇಲ್ಲ:
ಹಲ್ಲು ನೋವು, ಈಗಷ್ಟೇ ಉಂಡೆ,
ಕರೇ ಚಾನೇ ನನಗ ಸೇರ್ತದ,
ಪೇಢಾ ಹುಡುಗರಿಗಿರಲಿ.

ಡಾಕ್ಟರ ಚೀಟಿ ಹಿಂದ ಚಿತ್ರ ಬಿಡಿಸಿದ್ದ.
ಹಾಲಿನ ಸಕ್ಕರಿ ಅಂದ್ರ ಕೈ ಹಿಡಕೊಂಡ ಇಬ್ಬರು.
ಬಾಗಿಲು ಸಣ್ಣದು, ಒಬ್ಬೊಬ್ಬರೇ ದಾಟಬೇಕು.
ಕೈ ಬಿಡಿಸಾಂವ ಒಬ್ಬ ಇರ್ತಾನ ಕರಳಿನಾಗ,
ನಿಂದರಾಗಿಂದಾಂವ ಕೆಲಸ ಬಿಟ್ಟಾನ.
ಈ ಗುಳಿಗಿ ಬದಲಿ ಆಳು,
ಮುಕ್ಕಾಲು ತಾಸು ದುಡದು ಮನಿಗೆ ಹೋಗ್ತಾನ.
ಇದು ರೋಗ ಅಲ್ಲ ತಾಯಿ, ಅಂದ.
ಆ ಒಂದು ಮಾತಿಗೆ
ಕಿಡಕಿ ಕಡೆ ಮಾರಿ ಮಾಡಿ ಅತ್ತು ಬಿಟ್ಟೆ.

ಸೀಗಿ ಹುಣ್ಣಿವಿ ಬಂತು. ಇಲ್ಲಿ ಅದಕ್ಕ ಎರಡು ಹೆಸರು.
ಹಗಲಿಗೆ ಹೊಲದಾಗ ಚರಗ ಚೆಲ್ಲೂದು ಕನ್ನಡ,
ರಾತ್ರಿ ಮಾಳಗಿ ಮ್ಯಾಲ ಹಾಲು ಕುದಿಸೂದು ಕೋಜಾಗಿರಿ.
ಏಲಕ್ಕಿ, ಚಾರೋಳಿ, ಕೇಸರಿ ನಾಕ ಎಳಿ,
ಪಾತೇಲಿಯಾಗ ಬಿದ್ದ ಚಂದಪ್ಪ ಕುದಿಯಾಕ್ಹತ್ತಿದ್ದ.
ಬಾಗಿಲ ಹಾಕ್ಕೊಂಡು ಎರಡು ಗುಳಿಗಿ ಆಗಲೇ
ಚಾದ ಜೋಡಿ ನುಂಗಿ ನೋಡಿದ್ದೆ. ಎಂಟು ಉಳದಿದ್ದವು.
ಸೆರಗಿನ ಗಂಟು ಬಿಚ್ಚಿದೆ. ಹಾಳಿ ಇಲ್ಲ.

ಅತ್ತಿ ತಾಯವ್ವ ಸೌಟು ಆಡಿಸ್ತಾ ಕಿವಿಯಾಗ ಅಂದ್ಲು:
ಮಂದಿ ಮುಂದ ನುಂಗಬ್ಯಾಡ, ಬಸರಾಗೂ ಔಷಧ ಅಂತಾರ.
ಎಂಟೂ ಕಲ್ಲಿನಾಗ ಅರದು ಹಾಲಿಗೇ ಹಾಕೀನಿ.

ಯಾವ ಬಾಯಿಲೆ ಹೇಳಲಿ,
ಬದಲಿ ಆಳು ಬೆಂಕಿಗೆ ತಾಳಂಗಿಲ್ಲ,
ಕುದಿಯೂ ಹಾಲಿನಾಗ ಸತ್ತ ಹೋಗ್ತಾನ ಅಂತ?
ಡಾಕ್ಟರ ಹೇಳಿದ್ದ. ನಾ ಮನಿಯಾಗ ಹೇಳಿರಲಿಲ್ಲ.
ಅಕಿ ಬಟ್ಟಲ ಹಿಡದು ನಿಂತಿದ್ಲು.
ಕುಡದೆ. ತಳದ ಚಾರೋಳಿ ಬೆರಳಿಲೆ ಬಳದು ತಿಂದೆ.

ಎರಡು ತಾಸಿಗೆ ಹೊಟ್ಟಿಯಾಗ ಹಲಗಿ ಬಾರಿಸಿತು.
ಚರಗಿ ಹಿಡದು ಹಿತ್ತಲಕ್ಕ ಓಡಿದ್ರ
ಸಂಡಾಸದ ಬಾಗಿಲು ಒಳಗಿಂದ ಹಾಕಿತ್ತು.
ಯಾರ ಅದು?
ನಾನವ್ವ, ಅಂತು ಅತ್ತಿ ದನಿ, ಜರಾ ತಡಿ.

ಆಮ್ಯಾಲ ಅರಬಿ ಒಗಿಯೂ ಕಲ್ಲಿನ ಮ್ಯಾಲ
ಬೆಳದಿಂಗಳಾಗ ಇಬ್ಬರೂ ಕುಂತ್ವಿ.
ನನಗೂ ಆಗಿಬರಂಗಿಲ್ಲ, ಅಂದ್ಲು,
ಈ ಮನಿಗೆ ಬಂದಾಗಿಂದ.
ನನ್ನ ಪಾಲಿಂದು ಕುಡಕುಡದು
ಎಷ್ಟ ಬೆಕ್ಕು ಕೊಬ್ಬಿ ಸತ್ತಾವ.
ಎಂಟೂ ಯಾಕ ಅರದೆ ಅಂತೀ?
ಒಂದಾದ್ರೂ ನನ್ನ ಬಟ್ಟಲಕ್ಕ ಬರಲಿ ಅಂತ.

ನಕ್ಕೆವು. ನಕ್ಕದ್ದಕ್ಕ ಮತ್ತ ಹೊಟ್ಟಿ ಹಿಡೀತು,
ಮತ್ತ ಚರಗಿ, ಮತ್ತ ಪಾಳಿ.

ಶನಿವಾರ ಮಿರಜಕ್ಕ ಹೋಗಿ ಎರಡು ಹಾಳಿ ತಂದೆ.
ಸಿದಗೊಂಡ ಲೀಟರದಾಗ ಲೆಕ್ಕ ಹಾಕಿದ,
ಅವ್ವನ ಮಾರಿ ನೋಡಿ ಸುಮ್ಮನಾದ.
ಪಹಿಲಾ ಗುಟಕಾ ಜೋಡಿ, ಅಂತಾಳ ಅತ್ತಿ,
ಎರಡೂ ಭಾಷೆ ಕಲಸಿ. ನಾ ತಿದ್ದಂಗಿಲ್ಲ.
ಅಂಗೈಯಾಗ ಒಂದೊಂದು ಗುಳಿಗಿ ಇಟ್ಕೊಂಡು
ಹಾಲು ಆರಲಿ ಅಂತ ಕುಂತೀವಿ.

ಬೆಕ್ಕು ಹೊಸ್ತಿಲ ಮ್ಯಾಲ ಕುಂತದ.
ಅದಕ್ಕಿನ್ನೂ ಯಾರೂ ಹೇಳಿಲ್ಲ.