ಒಂದು ನೂಲು ಉದ್ದ

ಮೂವತ್ನಾಕು ವರ್ಷ ಗದಗ ರಸ್ತೆಯ ವರ್ಕ್‌ಶಾಪಿನ್ಯಾಗ
ಗಾಲಿ ಇಳಿಸೀನಿ, ಗಾಲಿ ಏರಿಸೀನಿ.
ಬೇರಿಂಗ್ ಸವದೈತೋ ಇಲ್ಲೋ
ಬಿಚ್ಚದನ ಹೇಳತಿದ್ದೆ, ಬರೇ ಕಿವಿಗೊಟ್ಟು.
ನನ್ನ ಚಪ್ಪಿ ಕೀಲು ಹನ್ನೊಂದು ವರ್ಷ ಕಿರುಗುಟ್ಟಿದ್ದನ್ನ ಮಾತ್ರ
ಯಾರದೋ ಮನಿ ಬಾಗಲಾ ಅಂದ್ಕೊಂಡು ಕುಂತಿದ್ದೆ.

ಈಗ ಒಳಗೊಂದು ಹೊಸಾದು ಬಂದೈತಿ.
ಡಾಕ್ಟ್ರು ಎಕ್ಸರೇ ಬೆಳಕಿಗೆ ಹಿಡದು ತೋರಿಸಿದ್ರು,
ಬೆಳ್ಳಗ, ಗುಂಡಗ, ಮಾಡಿದವನ ಕೈ ಪಳಗಿದ್ದು ಕಾಣತಿತ್ತು.
ಎಷ್ಟು ಕ್ಲಿಯರನ್ಸ್ ಇಟ್ಟೀರಿ ಸಾಹೇಬ್ರ, ಅಂದೆ.
ನಕ್ಕರು.
ನಾ ನಗಸಾಕ ಕೇಳಿರಲಿಲ್ಲ.

ಡಬ್ಬಿ ಆಗಿದ್ರ ಗಾಲಿ ಕೂಡಿಸಿ
ಸಂಜಿಕ ಕುಂದಗೋಳತನ ಟ್ರಯಲ್ ಬಿಡತಿದ್ವಿ.
ನನ್ನ ಟ್ರಯಲ್ ಮಂಚದಿಂದ ಬಚ್ಚಲಕ್ಕ,
ಇಪ್ಪತ್ತೊಂದು ಹೆಜ್ಜಿ, ನಡುವ ಎರಡು ಕೆಂಪು ಸಿಗ್ನಲ್:
ಒಂದು ಹೊಸ್ತಿಲಾ,
ಒಂದು ಮೊಮ್ಮಗಳು ಬಿಟ್ಟ ಚಪ್ಪಲಿ.

ಕಾಲ ಮ್ಯಾಲ ಕಾಲ ಹಾಕಬ್ಯಾಡ್ರಿ, ನೆಲಕ್ಕ ಕೂಡಬ್ಯಾಡ್ರಿ,
ಬಗ್ಗಿ ಏನೂ ಎತ್ತಬ್ಯಾಡ್ರಿ, ತೊಡಿ ನಡುವ ದಿಂಬು ತಗೀಬ್ಯಾಡ್ರಿ.
ಹೇಳೂವಾಕಿ ಶಿಗ್ಗಾಂವಿ ಹುಡುಗಿ, ಫಿಸಿಯೋ.
ಹೆಸರು ಸಹನಾ. ಹೆಸರಿಗಷ್ಟ.
ಕಾಲು ಹಿಡದು ಎತ್ತಿ, ಹತ್ತರಾಗ ನೋವು ಎಷ್ಟು ಅಜ್ಜಾರ, ಅಂತಾಳ.
ನೋವಿಗೆ ಗೇಜ್ ಇಲ್ಲವಾ ತಂಗಿ.
ಏಳು ಅಂದ್ರ ಏಳಕ್ಕ ನಿಂದ್ರತೈತೇನು ಅದು?

ರಾತ್ರಿ ಮೂರಕ್ಕ ಗೂಡ್ಸ್ ಹಾಯ್ದು ಹೋಗತೈತಿ.
ಮಕ್ಕೊಂಡಲ್ಲೇ ಡಬ್ಬಿ ಎಣಸತೀನಿ.
ಐವತ್ತೆಂಟಕ್ಕ ಗಾಡಿ ಮುಗೀತು.
ನೋವಿನ ಗಾರ್ಡ್ ಡಬ್ಬಿ ಇನ್ನೂ ಕಾಣವಲ್ದು.

ಬಚ್ಚಲದಾಗ ಎತ್ತರದ ಕುರ್ಚಿ.
ಮಗ ಇಮ್ತಿಯಾಜ ಕುಂಡ್ರಿಸಿ
ಮಾರಿ ಗ್ವಾಡಿ ಕಡೆ ಮಾಡಿ ನಿಂದ್ರತಾನ.
ಅವ ಸಣ್ಣವಿದ್ದಾಗ ನಾ ಹಂಗ ತಿರುಗಿ ನಿಂತಾಂವಲ್ಲ,
ನೋಡಕೋತ ನಗತಿದ್ದೆ.
ನೀರು ಹಾಕಲೇನಪಾ, ಅಂತಾನ ಗ್ವಾಡಿಗೆ.

ನಮಾಜಿಗೂ ಕುರ್ಚಿನ, ಸಾಲಿನ ತುದಿಗೆ.
ಎಲ್ಲಾರ ಬೆನ್ನು ಒಮ್ಮೆಲೆ ಇಳಿತಾವು.
ಗಾಳಿಗೆ ಬಾಗಿದ ಜ್ವಾಳದ ಹೊಲದಾಗ
ಒಂದ ಒಂದು ದಂಟು ನಿಂತಂಗ ನಾ.
ಹಣಿಗೆ ನೆಲಾ ಹತ್ತಲಾರದ ಎಪ್ಪತ್ತು ದಿನ ಆತು.
ತೊಂಬತ್ತು ಡಿಗ್ರಿ ದಾಟಂಗಿಲ್ಲ ಅಂತ
ದೇವರಿಗೂ ಹೇಳಿ ಕಳಸೀನಿ.

ಉಗುರು ಬೆಳದಾವು ಕಾಲಾಗ.
ಬೀಬಿಜಾನ್ ಮಣಿ ಹಾಕ್ಕೊಂಡು ಕುಂತು ಕತ್ತರಸತಾಳ.
ನಲವತ್ತು ವರ್ಷದಾಗ ಅಕಿ ಬೈತಲಿ
ಮ್ಯಾಲಿಂದ ಹಿಂಗ ನೋಡಿದ್ದ ಇಲ್ಲ,
ನಟ್ಟನಡುವ ಅಲ್ಲ ಅದು, ಒಂಚೂರು ಬಲಕ್ಕ ಸರದೈತಿ.
ಹೇಳಲಿಲ್ಲ. ಕೈಯಾಗ ಕತ್ತರಿ ಇತ್ತು.

ಎಡಗಾಲು ಒಂದು ನೂಲು ಉದ್ದ ಆಗೇತಿ.
ಡಾಕ್ಟ್ರು ಅಳದು ನೋಡಿ ಇಲ್ಲ ಅಂದ್ರು,
ಕಾಲಲ್ಲ ಯಜಮಾನ್ರ, ತಲಿ ಒಪ್ಪಬೇಕು.
ಸಾವಿರ ಡಬ್ಬಿ ಲೆವೆಲ್ ಮಾಡಿದ ಕಣ್ಣು ಇದು,
ನನಗ ಹೇಳತಾರ.
ದುರ್ಗದಬೈಲಿನ ಯಲ್ಲಪ್ಪ ಬಲಚಪ್ಪಲಿಗೆ ಪ್ಯಾಕಿಂಗ್ ಹಚ್ಚಿಕೊಟ್ಟ,
ಸೈಕಲ್ ಟ್ಯೂಬಿನ ತುಂಡು.
ನಾಕು ದಿನ ಚಂದ ಇತ್ತು.
ಈಗ ಬಲಗಾಲ ಉದ್ದ ಅನಸತೈತಿ.

ಇವತ್ತು ಮುಂಜಾನೆ ವರ್ಕ್‌ಶಾಪಿನ ಭೋಂಗಾ ಆತು.
ಹಳೇ ಚಟ, ಎದ್ದೆ.
ಅರ್ಧ ಪಡಸಾಲಿ ದಾಟಿದ ಮ್ಯಾಲ ನೋಡತೀನಿ,
ವಾಕರ್ ಮಂಚದ ಬಾಜು ನಿಂತೈತಿ,
ಆರು ಹೆಜ್ಜಿ ಹಿಂದ.
ಮುಂದಿನ ಬಾಗಲಾನೂ ಆರು.
ಭೋಂಗಾ ನಿಂತಿತು. ತೊಡಿ ನಡುಗಾಕ ಹತ್ತಿದವು.
ಏ ಬೀಬೀ, ಅಂತ ಒದರಿದೆ, ಬಾ ಇಲ್ಲೆ, ಬಿದ್ದೇನು.

ಒಳಗ ರೊಟ್ಟಿ ಬಡಿಯೂ ಸಪ್ಪಳ ನಿಲ್ಲಲಿಲ್ಲ.
ಹೋಗೂ ಮುಂದ ನನ್ನ ಕೇಳಿದ್ರೇನು?
ಅಂದ್ಲು ಅಷ್ಟ.

ನಿಂತೀನಿ.