ಎಡದಂಚು

ಮಂಗಳವಾರ ರಾತ್ರಿ, ಗಿರಾಕಿ ತೆಳುವಾದ ಮೇಲೆ
ನಾನು ಈ ಡೋಲಿನ ಚರ್ಮ ಬಿಚ್ಚುತ್ತೇನೆ.
ಚರ್ಮ ಅಂದೆನಲ್ಲ, ಬಾಯಭ್ಯಾಸ. ಇದು ರಬ್ಬರು.
ಯಾವ ಹಸುವೂ ಇದಕ್ಕಾಗಿ ಸತ್ತಿಲ್ಲ.
ಹನ್ನೆರಡು ಸ್ಕ್ರೂ, ಒಂದು ಉಕ್ಕಿನ ಬಳೆ,
ಅದರಡಿ ನಾಲ್ಕು ಬಿಲ್ಲೆ, ನಾಲ್ಕು ತಂತಿ:
ನಡುವಿಗೆ ಎರಡು, ಅಂಚಿಗೆ ಎರಡು.
ಅಷ್ಟೇ ಇದರ ಹೊಟ್ಟೆಯ ಗುಟ್ಟು.

ಹಾಚಿನೊಹೆ ಊರು, ಹಳೇ ಬಸ್ ನಿಲ್ದಾಣದ ಎದುರು,
ಎರಡನೇ ಮಹಡಿ; ಕೆಳಗೆ ಒಣಮೀನಿನಂಗಡಿ.
ಮೆಟ್ಟಿಲು ಹತ್ತಿ ಆಡಬಂದವರೆಲ್ಲ
ತುಸು ಬೊಂಡಾಸದ ವಾಸನೆ ಹೊತ್ತೇ ಬರುತ್ತಾರೆ.

ಪರದೆಯ ಮೇಲೆ ಬಲದಿಂದ ಎಡಕ್ಕೆ
ಉರುಳಿ ಬರುತ್ತವೆ ಚುಕ್ಕೆಗಳು.
ಕೆಂಪಾದರೆ ನಡುವಿಗೆ: ದೋನ್.
ನೀಲಿಯಾದರೆ ಅಂಚಿಗೆ: ಕಾ.
ದೋನ್ ದೋನ್ ಕಾ, ದೋನ್ ಕಾ ಕಾ ದೋನ್.
ಕೈ ಕಲಿಯುವ ಮೊದಲೇ ಮಕ್ಕಳ ಬಾಯಿ ಕಲಿತಿರುತ್ತದೆ.
ಪ್ರತಿ ಪೆಟ್ಟಿಗೂ ಒಂದು ತೀರ್ಪು ತೇಲಿಬರುತ್ತದೆ:
'ರ್ಯೋ' ಅಂದರೆ ಭೇಷ್. 'ಫುಕಾ' ಅಂದರೆ ಕೆಟ್ಟಿತು.
ನಡುವೆ ಒಂದು 'ಕಾ':
ಪರವಾಗಿಲ್ಲ, ನಡೆದೀತು.
ಅಂಚಿನ ಸದ್ದಿಗೂ ನಡೆದೀತೆಂಬ ಮಾತಿಗೂ
ನಮ್ಮಲ್ಲಿ ಒಂದೇ ಉಸಿರು.

ಕಮಾತಾ ಬರುವುದು ಕೊನೆಯ ಬಸ್ಸನ್ನು ಡಿಪೋಗೆ ಬಿಟ್ಟು.
ಬಿಳಿ ಕೈಗವಸು ಮಡಿಸಿ ಟೋಪಿಯೊಳಗಿಟ್ಟು
ಟೋಪಿಯನ್ನು ಯಂತ್ರದ ನೆತ್ತಿಗಿಟ್ಟು
ಚೀಲದಿಂದ ತೆಗೆಯುತ್ತಾನೆ ತನ್ನವೇ ಕೋಲು,
ತಾನೇ ಕಡೆದದ್ದು, ತುದಿ ಸಪೂರ,
ಹಿಡಿಗೆ ಟೆನಿಸ್ ರಾಕೆಟ್ಟಿನ ಪಟ್ಟಿ.
ಐವತ್ತಾರು ವಯಸ್ಸು. ಸರದಿಯಲ್ಲಿ ಹಿಂದೆ ನಿಂತ
ಹೈಸ್ಕೂಲು ಹುಡುಗರಿಗೆ ಅವನು 'ಹನ್ನೊಂದನೇ ನಂಬರು',
ಅವನ ಬಸ್ಸಿನದು.

ಮೂರು ವರ್ಷದಲ್ಲಿ ನನ್ನೊಡನೆ ಆಡಿದ್ದು ಒಂದೇ ಮಾತು:
"ಎಡದಂಚು ಸ್ವಲ್ಪ ತಡವಾಗಿ ಕೇಳಿಸಿಕೊಳ್ಳುತ್ತದೆ."
ನೋಡಿದೆ. ಮೀಟರು ಹಿಡಿದು ನೋಡಿದೆ.
ಬಿಲ್ಲೆ ಸರಿ, ತಂತಿ ಸರಿ, ಬೆಸುಗೆ ಸರಿ.
ಹೇಳಲಿಲ್ಲ. ಹೊಸ ಬಿಲ್ಲೆ ಹಾಕಿದೆ.
ಮುಂದಿನ ವಾರ ಮತ್ತೆ ಅದೇ ಎಡದಂಚಲ್ಲಿ
ಕಾ, ಕಾ, ಕಾ. ಭೇಷ್ ಆಗಬೇಕಾದ್ದೆಲ್ಲ ನಡೆದೀತು.
ಅವನು ತನ್ನ ಎಡ ಮಣಿಕಟ್ಟನ್ನು ಒಮ್ಮೆ ನೋಡಿದ,
ಇಳಿಯುವವರು ಇಳಿದರೋ ಇಲ್ಲವೋ ಎಂದು
ಕನ್ನಡಿ ನೋಡುವ ಹಾಗೆ.

ಆ ಫೆಬ್ರವರಿಯ ರಾತ್ರಿ ಹಿಮ ಅಡ್ಡಡ್ಡ ಬೀಳುತ್ತಿತ್ತು.
ಹಾಡು ಮುಕ್ಕಾಲು ಮುಗಿದಿತ್ತು. ಕರೆಂಟು ಹೋಯಿತು.
ಬೊಂಬೆ ಎತ್ತುವ ಯಂತ್ರದ ಕೊಕ್ಕೆ ನಡುಗಾಳಿಯಲ್ಲೇ ನಿಂತಿತು.
ಯಾರೋ ಕೂಗಿದರು, ಯಾರೋ ನಕ್ಕರು.
ಡೋಲು ನಿಲ್ಲಲಿಲ್ಲ.

ನನಗೊಬ್ಬಳಿಗೇ ಗೊತ್ತಿದ್ದ ಸದ್ದು ಅದು,
ಪ್ಲಗ್ ಕಿತ್ತ ಮೇಲೆ ಉಳಿಯುವ ರಬ್ಬರಿನ ಸ್ವಂತ ದನಿ.
ಗುಡುಗೆಲ್ಲ ಸ್ಪೀಕರಿನದು; ಇದರದ್ದು
ಹಾಸಿಗೆ ಕೊಡವಿದಂತೆ ತಪ್,
ಅಂಚಿಗೆ ಚಟ್,
ಅಷ್ಟೇ.
ಕತ್ತಲಲ್ಲಿ, ಚುಕ್ಕೆಯಿಲ್ಲದೆ, ಹಾಡಿಲ್ಲದೆ
ತಪ್ ತಪ್ ಚಟ್, ತಪ್ ಚಟ್ ಚಟ್ ತಪ್
ಉಳಿದ ಕಾಲು ಹಾಡನ್ನು ನೆನಪಿನಿಂದಲೇ
ತಿರುವು ತಿರುವಾಗಿ ಓಡಿಸಿದ.
ಉರುಳಿಕೆ ಬಂತು, ಬಾಣಲೆಯಲ್ಲಿ ಎಳ್ಳು ಸಿಡಿದಂತೆ.
ಒಂದು ಕಡೆ ಸುಮ್ಮನಾದ. ಮುಗಿಯಿತೆಂದುಕೊಂಡೆ.
ಮುಗಿದಿರಲಿಲ್ಲ; ಅದು ಹಾಡಿನಲ್ಲೇ ಇದ್ದ ಖಾಲಿ ಜಾಗ.
ಯಾರೂ ಕಾಯದ ನಿಲುಗಡೆಯನ್ನೂ
ಬಾಗಿಲು ತೆರೆದು ಮುಚ್ಚಿಯೇ ದಾಟಿದ.

ಎಡಗೈ ಆಗಲೂ ತಡ, ಪ್ರತಿ ಸಲ, ಒಂದು ಎಳೆಯಷ್ಟು.
ನನ್ನ ಕಿವಿಗೆ ಅದು ತಪ್ಪೆನಿಸಲಿಲ್ಲ,
ಸರಿಯೆಂದೂ ಅಲ್ಲ. ಕುಂಟುವವನು ಹೊಸ್ತಿಲಿಗೆ ಬಂದ ಸಪ್ಪಳವನ್ನು
ಮನೆಯವರು ತೂಗಿ ನೋಡುತ್ತಾರೆಯೆ?

ಕೊನೆಯ ಪೆಟ್ಟು. ಎರಡೂ ಕೈ, ನಡುವಿಗೆ.
ಯಾವ ತೀರ್ಪೂ ತೇಲಿಬರಲಿಲ್ಲ.
ಮೊಬೈಲಿನ ಬೆಳಕು ಹಿಡಿದಿದ್ದ ಹುಡುಗ
ಎಷ್ಟು ಅಂಕ ಬಂತು ಅಂತ ಕೇಳಿದ.
ಯಾರಿಗೆ ಗೊತ್ತು.

ಕರೆಂಟು ಬಂತು. ಯಂತ್ರ ಕಣ್ಣುಜ್ಜಿಕೊಂಡು
ಏನೂ ಆಗಿಲ್ಲವೆಂಬಂತೆ ಮೊದಲಿಂದ ಕೂಗಿತು:
ನೂರು ಯೆನ್ ಹಾಕಿ, ಬನ್ನಿ, ಬಾರಿಸಿ!
ಕಮಾತಾ ಜೇಬು ತಡಕಿದ.
ದಿನವಿಡೀ ಊರಿಗೆ ಚಿಲ್ಲರೆ ಕೊಡುವ ಬಸ್ಸಿನವನ ಬಳಿ
ಚಿಲ್ಲರೆ ಇರಲಿಲ್ಲ.
ನಾನು ಕೀಲಿ ತಿರುಗಿಸಿ ಒಳಗಿನ ಗುಂಡಿ ಒತ್ತಿದೆ:
ಒಂದು ಆಟ, ಲೆಕ್ಕಕ್ಕಿಲ್ಲದ್ದು.
ಎರಡನೇ ಡೋಲಿನ ಕೋಲು, ಹಗ್ಗ ಬಿಗಿದದ್ದು, ಹೇಗೋ ಕೈಗೆ ಬಂತು.
ಅವನು ಸರಿದು ಜಾಗ ಬಿಟ್ಟ.
ನನಗೆ ಬರುವುದು ಸುಲಭದ ಮಟ್ಟ ಮಾತ್ರ, ಅಂದೆ.
"ಕಾ," ಅಂದ.