ಯಾರ ಕೈಗೆ ಯಾವ ಕೀಲಿ

ಪೀಣ್ಯ ಎರಡನೇ ಹಂತ. ಪ್ರೆಸ್ ಶಾಪಿನ ಮೂಲೆಯಲ್ಲಿ
ಬೂದು ಬಣ್ಣದ ಪ್ಯಾನೆಲ್.
ಬಾಗಿಲು ತೆಗೆದರೆ ಒಳಗೆ
ಹೋದ ವರ್ಷದ ಆಯುಧಪೂಜೆಯ ಕುಂಕುಮ,
ಒಣಗಿ ಕಪ್ಪಾದ ನಿಂಬೆಹಣ್ಣು,
ಮಾರ್ಕರಿನಲ್ಲಿ ದಪ್ಪಗೆ ಬರೆದ ಪಾಸ್‌ವರ್ಡು:
ಒಂದು ಎರಡು ಮೂರು ನಾಲ್ಕು.

ಕೀಲಿ ಕಂಟ್ರೋಲರಿನಲ್ಲೇ ಇತ್ತು, ಹನ್ನೊಂದು ವರ್ಷದಿಂದ,
‘ರಿಮೋಟ್’ ಕಡೆಗೆ ತಿರುಗಿ,
ಎಲ್ಲಿಂದ ಬೇಕಾದರೂ ಕೈಹಾಕಬಹುದಾದ ಕಡೆಗೆ.
ಎಳೆದೆ, ಬರಲಿಲ್ಲ.
ತುಕ್ಕು ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿತ್ತು.

ನನಗೆ ಕೊಟ್ಟ ಕೆಲಸ ಒಂದು ಪಟ್ಟಿ.
ಯಾರು ನೋಡಬಹುದು, ಯಾರು ತಿದ್ದಬಹುದು,
ಯಾರು ಮುಟ್ಟಲೇಬಾರದು.
ಮೊದಲ ಹೆಸರು ತಮ್ಮದೇ ಇರಲಿ ಎಂದರು ಮಾಲೀಕರು.
ನಿಲ್ಲಿಸುವ ಕೆಂಪು ಗುಂಡಿ ಎಲ್ಲಿದೆ ಅವರಿಗೆ ಗೊತ್ತಿಲ್ಲ.
ಮೋಡೆಮ್ ಮಾತ್ರ ತೆಗೆಯಬೇಡಿ ಎಂದ
ಮೆಷಿನ್ ಮಾರಿದ ಕಂಪನಿಯವನು, ಫೋನಿನಲ್ಲಿ, ಎರಡು ಸಲ.
ಹಿಂದಿನ ಬೀದಿಯ ಶೆಡ್ಡಿನಲ್ಲಿ ನಡುರಾತ್ರಿ
ಪೇಂಟ್ ಓವನ್ನು ತಾನಾಗಿ ಕಾದಿತ್ತಂತೆ,
ಎಲ್ಲೋ ಕೂತ ಯಾರದೋ ಬೆರಳಿಗೆ.
ಅದಾದ ಮೇಲೆ ನನ್ನನ್ನು ಕರೆಸಿದ್ದಾರೆ.
“ಕೋಟೆ ಸೂರೆ ಹೋದಮೇಲೆ ದಿಡ್ಡಿ ಬಾಗಿಲು,”
ಎಂದು ನಕ್ಕರು ಜವರಪ್ಪ,
ರಾತ್ರಿ ಪಾಳಿ ಮುಗಿಸಿ, ಟೀ ಆರಿಸಿಕೊಳ್ಳುತ್ತ.

ಎಲೆಕ್ಟ್ರಿಷಿಯನ್ ಜವರಪ್ಪ: ನೋಡಬಹುದು, ಅಷ್ಟೆ.
ಹಾಗೆ ಬರೆದುಕೊಂಡಿದ್ದೆ.

ಹಳೆಯ ಬ್ಯಾಕಪ್ಪನ್ನೂ ಓಡುತ್ತಿರುವ ಪ್ರೋಗ್ರಾಮನ್ನೂ
ಅಕ್ಕಪಕ್ಕ ಇಟ್ಟು ಸಾಲು ಸಾಲು ಓದಿದೆ.
ಒಂದೇ ಒಂದು ಕಡೆ ಬೇರೆ: ಟೈಮರ್ ಹದಿನೇಳು.
ಅರ್ಧ ಸೆಕೆಂಡು ಇದ್ದದ್ದು ಎರಡಾಗಿದೆ.
ಅನುಮತಿಯಿಲ್ಲ, ದಾಖಲೆಯಿಲ್ಲ, ತಾರೀಖಿಲ್ಲ.
ಇಂಥದ್ದನ್ನು ಹಿಡಿಯಲೆಂದೇ ಬಂದವಳು ನಾನು.

“ನೀವಾ?”
ಅವರು ನನ್ನನ್ನು ನೋಡಲಿಲ್ಲ. ಡೈ ಕೆಳಗಿಂದ
ತಗಡು ಎಳೆಯುವ ಪಳನಿಯಮ್ಮನನ್ನು ನೋಡಿದರು.
ಅವಳ ಎಡಗೈಯಲ್ಲಿ ಎರಡು ಬೆರಳಿಲ್ಲ.
“ಅರ್ಧ ಸೆಕೆಂಡು ಸಾಲಲ್ಲ ಅಂತ
ಮೂರು ಸಲ ಬರೆದು ಕೊಟ್ಟೆ, ಮೇಡಂ.
ಇವಳದು ಆದಮೇಲೆ ನಾಲ್ಕನೇ ಸಲ ಬರೀಲಿಲ್ಲ.
ಒಂದು ಎರಡು ಮೂರು ನಾಲ್ಕು ಒತ್ತಿದೆ.”

ಪ್ರೆಸ್ಸು ಬಿತ್ತು. ಎದ್ದಿತು.
ನಿಂತು ಎಣಿಸಿದೆ.
ಎರಡು ಸೆಕೆಂಡು ಅಂದರೆ
ಕೈಯೊಂದು ಒಳಹೋಗಿ, ತಗಡು ಹಿಡಿದು,
ಆತುರವಿಲ್ಲದೆ ಹೊರಬರುವಷ್ಟು.

ಮೋಡೆಮ್ ಕಿತ್ತೆ.
ಬಾಗಿಲ ಮೇಲಿನ ಅಂಕಿಗಳನ್ನು ಥಿನ್ನರಿನಲ್ಲಿ ಉಜ್ಜಿದೆ,
ನಾಲ್ಕು ಮಾತ್ರ ಪೂರ್ತಿ ಹೋಗಲಿಲ್ಲ.
ತುಕ್ಕಿಗೆ ಎಣ್ಣೆ ಬಿಟ್ಟು, ಊಟದ ಹೊತ್ತಿನವರೆಗೆ ಕಾದು,
ಕೀಲಿಯನ್ನು ‘ರನ್’ ಕಡೆಗೆ ತಿರುಗಿಸಿ ತೆಗೆದೆ.
ಟೈಮರ್ ಹದಿನೇಳನ್ನು ಇದ್ದಂತೆಯೇ ಒಳಗಿಟ್ಟು ಬೀಗ ಹಾಕಿದೆ,
ಗಂಟೆಗೆ ನೂರು ಪೀಸು ಕಡಿಮೆ ಬರುತ್ತಿದೆ ಎಂದು
ಇನ್ನು ಯಾರೂ ಅದನ್ನು ಕತ್ತರಿಸದ ಹಾಗೆ.

ಪಟ್ಟಿಯನ್ನೂ ತಿದ್ದಿದೆ.
ಮಾಲೀಕರು: ನೋಡಬಹುದು.
ಜವರಪ್ಪ: ತಿದ್ದಬಹುದು, ತಾರೀಖು ಹಾಕಿ, ಕಾರಣ ಬರೆದು.
ಇದಕ್ಕೆ ಸಹಿ ಬೀಳುತ್ತದೋ ಇಲ್ಲವೋ.

ಸಂಜೆ ಮೆಟ್ರೋ ಪ್ಲಾಟ್‌ಫಾರಂನಲ್ಲಿ
ಕಾರ್ಡಿಗೆಂದು ಬ್ಯಾಗಿಗೆ ಕೈಹಾಕಿದರೆ
ಎಣ್ಣೆ ಜಿಡ್ಡು. ಕೀಲಿ ನನ್ನಲ್ಲೇ ಇದೆ.
ಹತ್ತಕ್ಕೆ ಅವರ ಪಾಳಿ.
ರೈಲು ಬಂತು. ಬಾಗಿಲು ತೆರೆಯಿತು.
ನಾನು ಮೆಟ್ಟಿಲಿಳಿದೆ.